ಒಂದು ದಿನ ತಡವಾದ ಸಹಿ

1977ರ ಏಪ್ರಿಲ್ ಕೊನೆಯ ವಾರ. ದೆಹಲಿಯಲ್ಲಿ ನಮ್ಮ ಕಡೆಯವರೊಬ್ಬರು ಒಂದು ಕಾಗದಕ್ಕೆ ಸಹಿ ಹಾಕಲು ಹಿಂದೇಟು ಹಾಕಿದರು. ಅವರ ಹೆಸರು ಬಸಪ್ಪ ದಾನಪ್ಪ ಜತ್ತಿ, ಹುಟ್ಟೂರು ಜಮಖಂಡಿ ತಾಲ್ಲೂಕಿನ ಸಾವಳಗಿ. ಈಗ ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಗಿನ್ನೂ ಜಿಲ್ಲೆ ಇಬ್ಭಾಗವಾಗಿರಲಿಲ್ಲ, ಸಾವಳಗಿಯೂ ನಮ್ಮ ಆಲಮಟ್ಟಿಯೂ ಬಿಜಾಪುರ ಜಿಲ್ಲೆಯವೇ. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಜತ್ತಿಯವರು ಆ ಹೊತ್ತಿಗೆ ಉಪರಾಷ್ಟ್ರಪತಿ. ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡ ಮೇಲೆ ಹಂಗಾಮಿ ರಾಷ್ಟ್ರಪತಿ.

ತುರ್ತು ಪರಿಸ್ಥಿತಿಯ ನಂತರದ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದಿತ್ತು. ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದವರೂ ಜತ್ತಿಯವರೇ. ತಿಂಗಳು ಕಳೆಯುವುದರೊಳಗೆ ಗೃಹ ಸಚಿವ ಚರಣ್ ಸಿಂಗ್ ಅವರು ಒಂಬತ್ತು ರಾಜ್ಯಗಳ ಕಾಂಗ್ರೆಸ್ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಲೋಕಸಭೆಯಲ್ಲಿ ನಿಮ್ಮ ಪಕ್ಷ ನೆಲಕಚ್ಚಿದೆ, ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಹೋಗಿ ಎಂದರು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಏಪ್ರಿಲ್ 29ರಂದು ಕೋರ್ಟ್ ಆ ಅರ್ಜಿಗಳನ್ನು ತಳ್ಳಿಹಾಕಿತು. ಸಂಪುಟದ ಶಿಫಾರಸು ರಾಷ್ಟ್ರಪತಿ ಭವನಕ್ಕೆ ಹೋಯಿತು. ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗುಲ್ಲೆದ್ದಿತು. ಮರುದಿನ, ಏಪ್ರಿಲ್ 30ರಂದು ಸಹಿ ಬಿತ್ತು. ಒಂಬತ್ತು ವಿಧಾನಸಭೆಗಳು ಹೋದವು.

ಇದಿಷ್ಟೇ ಘಟನೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಜತ್ತಿಯವರ ಬಗ್ಗೆ ಇರುವುದು 'ಹಂಗಾಮಿ ರಾಷ್ಟ್ರಪತಿಯಾದ ಕನ್ನಡಿಗ ಯಾರು?' ಎಂಬ ಒಂದು ಅಂಕದ ಪ್ರಶ್ನೆ. ಬಿಇ ಮೊದಲ ವರ್ಷದಲ್ಲಿ ನಮಗೂ ಒಂದು ಕ್ರೆಡಿಟ್‌ನ ಸಂವಿಧಾನ ಪತ್ರಿಕೆ ಇತ್ತು, ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿ ಮುಗಿಸಿದೆವು. ಆದರೆ ಆ ಒಂದು ದಿನದ ತಡದೊಳಗೆ ಇರುವ ಪ್ರಶ್ನೆ ಜಗತ್ತಿನ ಅನೇಕ ದೇಶಗಳನ್ನು ಇವತ್ತಿಗೂ ಕಾಡುತ್ತಿದೆ. ಸಂಸತ್ತಿನ ಬೆಂಬಲ ಇರುವ ಸರ್ಕಾರ ಒಂದು ಕಡೆ, ಸಹಿ ಹಾಕಬೇಕಾದ ಕೈ ಇನ್ನೊಂದು ಕಡೆ. ಆ ಕೈ 'ತಡಿ' ಎನ್ನಬಹುದೇ? ಎನ್ನಬಹುದಾದರೆ ಎಷ್ಟು ಸಲ, ಎಷ್ಟು ದಿನ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹಾಸ್ಟೆಲ್‌ನ ಚರ್ಚೆಗಳಿಂದ. ಸಿಇಟಿಯಿಂದ ಹಿಡಿದು ನೇಮಕಾತಿ ಪರೀಕ್ಷೆಯವರೆಗೆ ಏನು ಕೆಟ್ಟರೂ ನಮ್ಮ ಗೆಳೆಯನೊಬ್ಬನ ಪರಿಹಾರ ಒಂದೇ: "ಒಬ್ಬ ಗಟ್ಟಿ ಮನಷ್ಯಾ ಬೇಕಪಾ. ಜನಾನೇ ನೇರ ಆರಿಸಿ ಕಳಸಬೇಕು. ಎಲ್ಲಾ ಅವನ ಕೈಯಾಗ ಇದ್ರ ಕೆಲಸ ಆಗ್ತಾವ." ಪ್ರಧಾನಿ, ಸಂಸತ್ತು ಎಲ್ಲ ಇರಲಿ, ಮೇಲೊಬ್ಬ ನೇರವಾಗಿ ಆಯ್ಕೆಯಾದ ರಾಷ್ಟ್ರಪತಿ ಇರಲಿ ಎಂಬುದು ಅವನ ವಾದ. ಅವನಿಗೆ ಗೊತ್ತಿಲ್ಲದೆಯೇ ಅವನು ಕೇಳುತ್ತಿರುವುದು ಅರೆ-ಅಧ್ಯಕ್ಷೀಯ ಪದ್ಧತಿಯನ್ನು. ಫ್ರಾನ್ಸ್‌ನಲ್ಲಿ ಇರುವುದು ಅದು. ಶ್ರೀಲಂಕಾದಲ್ಲಿ 1978ರಿಂದ ಇರುವುದೂ ಬಹುಮಟ್ಟಿಗೆ ಅದೇ.

ಆಲಮಟ್ಟಿಯವರಿಗೆ ಇದನ್ನು ವಿವರಿಸುವುದು ಸುಲಭ. ಕೃಷ್ಣಾ ಮೇಲ್ದಂಡೆ ಯೋಜನೆಯ ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಕಾಲುವೆಗೆ ಯಾವತ್ತಿನಿಂದ ನೀರು, ಎಷ್ಟು ದಿನ ಚಾಲು, ಎಷ್ಟು ದಿನ ಬಂದ್ ಎಂದು ತೀರ್ಮಾನಿಸುತ್ತದೆ. ಸಮಿತಿಯಲ್ಲಿ ಕೂರುವವರು ನಾವು ಆರಿಸಿದ ಸಚಿವರು, ಶಾಸಕರು. ಗೇಟ್ ಎತ್ತಿಸುವವರು ಎಂಜಿನಿಯರ್. ಅಣೆಕಟ್ಟೆಗೆ ಅಪಾಯವಿದ್ದರೆ ಎಂಜಿನಿಯರ್ 'ಸ್ವಲ್ಪ ತಡೀರಿ ಸಾಹೇಬ್ರ' ಎನ್ನಬಹುದು, ಆದರೆ ನೀರು ಯಾರಿಗೆ ಎಂದು ತಾನೇ ತೀರ್ಮಾನಿಸುವಂತಿಲ್ಲ. ಇದು ನಮ್ಮ ಸಂಸದೀಯ ಪದ್ಧತಿ. ಈಗ ಆ ಎಂಜಿನಿಯರ್ ಕೂಡ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ರೈತರಿಂದ ಓಟು ಹಾಕಿಸಿಕೊಂಡು ಬಂದ ಎಂದುಕೊಳ್ಳಿ. ಸಮಿತಿ 'ಬಿಡು' ಅನ್ನುತ್ತದೆ, ಅವನು 'ನನಗೂ ಜನರೇ ಓಟು ಹಾಕಿದ್ದಾರೆ, ಬಿಡುವುದಿಲ್ಲ' ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಾಲುವೆಯ ಕೊನೆಯಲ್ಲಿರುವವನ ತೊಗರಿ ಒಣಗುತ್ತದೆ. ಅರೆ-ಅಧ್ಯಕ್ಷೀಯ ಪದ್ಧತಿಯ ತೊಡಕು ಅಲ್ಲೇ ಇದೆ.

ಫ್ರಾನ್ಸ್ ಈ ತೊಡಕನ್ನು ಸಾಕಷ್ಟು ಸಲ ಕಂಡಿದೆ. ಅಲ್ಲಿನ ಈಗಿನ ಸಂವಿಧಾನ 1958ರದ್ದು. ಅಧ್ಯಕ್ಷರನ್ನು ಜನರೇ ನೇರ ಆರಿಸಬೇಕೆಂದು 1962ರ ಜನಮತದಲ್ಲಿ ತೀರ್ಮಾನವಾಯಿತು. ಅಧ್ಯಕ್ಷರು ಪ್ರಧಾನಿಯನ್ನು ನೇಮಿಸುತ್ತಾರೆ, ಕೆಳಮನೆಯನ್ನು ವಿಸರ್ಜಿಸಬಹುದು. ಆದರೆ ಪ್ರಧಾನಿ ಉಳಿಯುವುದು ಅಳಿಯುವುದು ಕೆಳಮನೆಯ ಕೈಯಲ್ಲಿ. ಇಬ್ಬರೂ ಒಂದೇ ಪಕ್ಷದವರಾದರೆ ಅಧ್ಯಕ್ಷರೇ ರಾಜ. 1986ರ ಚುನಾವಣೆಯಲ್ಲಿ ಹಾಗಾಗಲಿಲ್ಲ. ಅಧ್ಯಕ್ಷ ಮಿತ್ತೆರಾಂ ಸಮಾಜವಾದಿ, ಗೆದ್ದು ಬಂದ ಪ್ರಧಾನಿ ಜಾಕ್ ಶಿರಾಕ್ ಬಲಪಂಥೀಯ. ಶಿರಾಕ್ ಸರ್ಕಾರಿ ಕಂಪನಿಗಳ ಖಾಸಗೀಕರಣಕ್ಕೆ ಸುಗ್ರೀವಾಜ್ಞೆ ತಂದರು. ಜುಲೈ 14ರಂದು, ಅಂದರೆ ಅವರ ರಾಷ್ಟ್ರೀಯ ಹಬ್ಬದ ದಿನವೇ, ಮಿತ್ತೆರಾಂ ಸಹಿ ಹಾಕುವುದಿಲ್ಲ ಎಂದು ಘೋಷಿಸಿದರು. ಮುಂದೆ ನಡೆದದ್ದು ನೋಡಿ. ಶಿರಾಕ್ ಬೀದಿಗಿಳಿಯಲಿಲ್ಲ, ಅದೇ ವಿಷಯವನ್ನು ಮಸೂದೆ ಮಾಡಿ ಸಂಸತ್ತಿನಲ್ಲಿ ಪಾಸು ಮಾಡಿಸಿಕೊಂಡರು. ಅದಕ್ಕೆ ಮಿತ್ತೆರಾಂ ಸಹಿ ಹಾಕಲೇಬೇಕಾಯಿತು. ಯಾಕೆಂದರೆ ಫ್ರೆಂಚ್ ಸಂವಿಧಾನದ 10ನೇ ವಿಧಿಯಲ್ಲಿ ಒಂದು ಸಂಖ್ಯೆ ಇದೆ. ಸಂಸತ್ತು ಒಪ್ಪಿದ ಕಾನೂನನ್ನು ಅಧ್ಯಕ್ಷರು 15 ದಿನದೊಳಗೆ ಹೊರಡಿಸಬೇಕು. ಆ 15 ದಿನದೊಳಗೆ ಮರುಚರ್ಚೆಗೆ ಕೇಳಬಹುದು. ಅದಕ್ಕಿಂತ ಹೆಚ್ಚು ಇಟ್ಟುಕೊಂಡು ಕೂರುವಂತಿಲ್ಲ.

ಈ 15 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹಾಗೆಂದು ಫ್ರಾನ್ಸ್‌ನಲ್ಲಿ ಎಲ್ಲ ಸುಸೂತ್ರ ಎಂದಲ್ಲ. 2024ರ ಜೂನ್ 9ರಂದು ಅಧ್ಯಕ್ಷ ಮ್ಯಾಕ್ರಾನ್ ಕೆಳಮನೆ ವಿಸರ್ಜಿಸಿದರು. ಹೊಸ ಮನೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಡಿಸೆಂಬರ್‌ನಲ್ಲಿ ಬಾರ್ನಿಯೇ ಸರ್ಕಾರ ಅವಿಶ್ವಾಸದಲ್ಲಿ ಬಿತ್ತು, ಮರುವರ್ಷ ಸೆಪ್ಟೆಂಬರ್‌ನಲ್ಲಿ ಬೈರೂ ಸರ್ಕಾರವೂ ಬಿತ್ತು. 'ಗಟ್ಟಿ ಮನುಷ್ಯ' ತನ್ನ ಕುರ್ಚಿಯಲ್ಲಿ ಗಟ್ಟಿಯಾಗಿಯೇ ಇದ್ದಾರೆ, ಕೆಳಗಿನ ಸರ್ಕಾರಗಳು ಮಾತ್ರ ಒಂದಾದ ಮೇಲೊಂದು ಉರುಳುತ್ತಿವೆ.

ಶ್ರೀಲಂಕಾದ ಕಥೆ ಇನ್ನೂ ಹತ್ತಿರದ್ದು. 2018ರ ಅಕ್ಟೋಬರ್ 26ರ ರಾತ್ರಿ ಅಧ್ಯಕ್ಷ ಸಿರಿಸೇನ ಅವರು ಪ್ರಧಾನಿ ರನಿಲ್ ವಿಕ್ರಮಸಿಂಘೆ ಅವರನ್ನು ತೆಗೆದು ಮಹಿಂದ ರಾಜಪಕ್ಸ ಅವರನ್ನು ಕೂರಿಸಿದರು. ರನಿಲ್ ಅಧಿಕೃತ ನಿವಾಸ ಬಿಟ್ಟು ಕದಲಲಿಲ್ಲ. ದೇಶಕ್ಕೆ ಇಬ್ಬರು ಪ್ರಧಾನಿಗಳು! ರಾಜಪಕ್ಸ ಅವರಿಗೆ ಬಹುಮತ ಸಿಗದಿದ್ದಾಗ ಅಧ್ಯಕ್ಷರು ನವೆಂಬರ್ 9ರಂದು ಸಂಸತ್ತನ್ನೇ ವಿಸರ್ಜಿಸಿದರು. ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಸಂಸತ್ತು ಮತ್ತೆ ಸೇರಿತು, ಒಳಗೆ ಸಂಸದರು ಖಾರದಪುಡಿ ಎರಚಾಡಿದರು. ಕೊನೆಗೆ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ವಿಸರ್ಜನೆ ಅಸಾಂವಿಧಾನಿಕ ಎಂದು ಒಮ್ಮತದ ತೀರ್ಪು ಕೊಟ್ಟಿತು. ಅದಕ್ಕೆ ಆಧಾರವಾದದ್ದೂ ಒಂದು ಸಂಖ್ಯೆಯೇ. ಸಂಸತ್ತಿನ ಅವಧಿಯ ನಾಲ್ಕೂವರೆ ವರ್ಷ ಮುಗಿಯುವ ಮೊದಲು ಅಧ್ಯಕ್ಷರು ತಾವಾಗಿಯೇ ವಿಸರ್ಜಿಸುವಂತಿಲ್ಲ ಎಂದು 2015ರ 19ನೇ ತಿದ್ದುಪಡಿ ಹೇಳಿತ್ತು. ರನಿಲ್ ಮತ್ತೆ ಪ್ರಧಾನಿಯಾಗುವಾಗ 51 ದಿನ ಕಳೆದಿತ್ತು. ಆ ಸಂಖ್ಯೆ ಬರೆದಿಟ್ಟಿರದಿದ್ದರೆ ಕೋರ್ಟ್ ಯಾವುದನ್ನು ಹಿಡಿದು ತೀರ್ಪು ಕೊಡುತ್ತಿತ್ತು?

ಈಗ ನಮ್ಮ ಮನೆಗೆ ಬರೋಣ. ನಮ್ಮ ರಾಷ್ಟ್ರಪತಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಸಂಸದರು, ಶಾಸಕರು ಆರಿಸುತ್ತಾರೆ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮಾತ್ರ. ಅಂದರೆ 1977ರಲ್ಲಿ ಜತ್ತಿಯವರ ಬೆನ್ನಿಗಿದ್ದ ಜನಾದೇಶ ಮಿತ್ತೆರಾಂ ಅವರಿಗಿದ್ದುದರ ಹತ್ತಿರಕ್ಕೂ ಬರುವಂಥದ್ದಲ್ಲ. ಮೇಲಾಗಿ 42ನೇ ತಿದ್ದುಪಡಿ ಆಗಷ್ಟೇ ಜಾರಿಗೆ ಬಂದು, ರಾಷ್ಟ್ರಪತಿ ಸಂಪುಟದ ಸಲಹೆಯಂತೆಯೇ ನಡೆಯತಕ್ಕದ್ದು ಎಂದು 74ನೇ ವಿಧಿಯಲ್ಲಿ ಬರೆದಿತ್ತು. ಅವರು ಕಾಂಗ್ರೆಸ್‌ನಿಂದ ಬಂದವರು, ಹಳೆಯ ಪಕ್ಷಕ್ಕಾಗಿ ತಡೆದರು ಎಂಬ ಟೀಕೆಯೂ ಬಂತು. ಸಹಿ ನಿರಾಕರಿಸುವ ಹಕ್ಕು ಅವರಿಗೆ ಇರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಅವರ ಸಂಶಯ ತಪ್ಪಾಗಿತ್ತೇ? ಆ ವಿಧಾನಸಭೆಗಳನ್ನೂ ಜನರೇ ಆರಿಸಿದ್ದರು. ಲೋಕಸಭೆಗೆ ಬೇರೆ ಪಕ್ಷಕ್ಕೆ ಓಟು ಬಿತ್ತೆಂದು ವಿಧಾನಸಭೆ ಕಳೆಯಬೇಕೆಂದರೆ ರಾಜ್ಯಗಳಿಗೆ ಪ್ರತ್ಯೇಕ ಚುನಾವಣೆ ಯಾಕೆ? 1980ರ ಫೆಬ್ರುವರಿಯಲ್ಲಿ ಇಂದಿರಾ ಗಾಂಧಿ ಅವರು ಮರಳಿ ಬಂದು ಇದೇ ಕಾರಣ ಮುಂದಿಟ್ಟು ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದಾಗ ಜನತಾ ಪಕ್ಷದವರಿಗೂ ಅದು ಕಹಿಯಾಗಿ ಕಂಡಿತು. ಜತ್ತಿಯವರು ತೆಗೆದುಕೊಂಡ ಒಂದು ದಿನದಲ್ಲಿ ದೇಶ ಮುಳುಗಲಿಲ್ಲ. ಪ್ರಶ್ನೆ ಮಾತ್ರ ಎಲ್ಲರ ಕಿವಿಗೂ ಬಿತ್ತು.

1978ರ 44ನೇ ತಿದ್ದುಪಡಿ ಅಂಥ ತಡೆಗೆ ಕಾನೂನಿನ ರೂಪ ಕೊಟ್ಟಿತು. ಸಂಪುಟದ ಸಲಹೆಯನ್ನು ರಾಷ್ಟ್ರಪತಿ ಒಂದು ಸಲ ಮರುಪರಿಶೀಲನೆಗೆ ಕಳಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಬರೀ ಒಂದು ಸಲ, ಅದರಿಂದೇನು ಎಂದು ಕೇಳಬೇಡಿ. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ ವಾಪಸು ಕಳಿಸಿದರು. ಸಂಪುಟ ಅದನ್ನು ಮತ್ತೆ ಕಳಿಸುವ ಧೈರ್ಯ ಮಾಡಲಿಲ್ಲ. 1998ರಲ್ಲಿ ಬಿಹಾರದ ವಿಷಯದಲ್ಲೂ ಅವರು ಹೀಗೇ ಮಾಡಿದರು.

ಮಸೂದೆಗಳಿಗೂ ಇಂಥದ್ದೇ ದಾರಿ ಇದೆ, 111ನೇ ವಿಧಿಯಲ್ಲಿ. ಅಬ್ದುಲ್ ಕಲಾಂ ಅವರು 2006ರ ಮೇ ತಿಂಗಳಲ್ಲಿ ಲಾಭದಾಯಕ ಹುದ್ದೆ ಮಸೂದೆಯನ್ನು ಸಂಸತ್ತಿಗೆ ಹಿಂದಿರುಗಿಸಿದರು. ಎರಡೂ ಸದನಗಳು ಅದನ್ನೇ ಮತ್ತೆ ಒಪ್ಪಿದವು. ಆಗಸ್ಟ್ 18ರಂದು ಕಲಾಂ ಸಹಿ ಹಾಕಿದರು. ಅದೇ ಆಗಸ್ಟ್‌ನಲ್ಲಿ ಅವರು ನಮ್ಮೂರಿಗೂ ಬಂದು ಅಣೆಕಟ್ಟೆಯನ್ನು ದೇಶಕ್ಕೆ ಅರ್ಪಿಸಿದರು. ನಾನು ಆಗ ಕೈಗೂಸು. ಊರಲ್ಲಿ ಇವತ್ತಿಗೂ ಅವರ ಕೂದಲ ಬಗ್ಗೆ ಮಾತಾಡುತ್ತಾರೆಯೇ ಹೊರತು, ಕೆಲವೇ ದಿನಗಳ ಹಿಂದೆ ಒಲ್ಲದ ಮಸೂದೆಗೆ ಸಹಿ ಹಾಕಿದ್ದ ಕೈ ಅದು ಎಂಬುದು ಯಾರಿಗೂ ನೆನಪಿಲ್ಲ.

ಜೈಲ್ ಸಿಂಗ್ ಬೇರೆ ದಾರಿ ಹಿಡಿದರು. ಜನರ ಅಂಚೆಯನ್ನು ಸರ್ಕಾರ ತೆರೆದು ನೋಡಲು ಅವಕಾಶ ಕೊಡುವ 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ಅವರು ಸಹಿಯನ್ನೂ ಹಾಕಲಿಲ್ಲ, ವಾಪಸೂ ಕಳಿಸಲಿಲ್ಲ. 1987ರ ಜುಲೈನಲ್ಲಿ ಅವಧಿ ಮುಗಿಯುವವರೆಗೂ ಹಾಗೇ ಇಟ್ಟುಕೊಂಡರು. ಆ ಮಸೂದೆ ಕೆಟ್ಟದ್ದೇ, ಆದರೆ ದಾರಿ ಒಳ್ಳೆಯದಲ್ಲ. ಯಾಕೆಂದರೆ ನಾಳೆ ಒಳ್ಳೆಯ ಮಸೂದೆಗೂ ಹೀಗೇ ಮಾಡಬಹುದು. ಅಧಿಕಾರ ತೀರ ಕಡಿಮೆ ಎನ್ನಲಾಗುವ ನಮ್ಮ ರಾಷ್ಟ್ರಪತಿಗೆ ಕಾಲಮಿತಿ ಇಲ್ಲ. ನೇರ ಜನಾದೇಶ ಪಡೆದ ಫ್ರಾನ್ಸ್ ಅಧ್ಯಕ್ಷರಿಗೆ 15 ದಿನ. ಹೀಗಾಗಿ ನನ್ನ ಗೆಳೆಯ 'ಎಷ್ಟು ಅಧಿಕಾರ' ಎಂದು ಕೇಳಿದಾಗಲೆಲ್ಲ ನಾನು 'ಎಷ್ಟು ದಿನ' ಎಂದು ತಿರುಗಿ ಕೇಳುತ್ತೇನೆ.

ದೆಹಲಿಗಿಂತ ಬೆಂಗಳೂರಿಗೆ ಈ ಪ್ರಶ್ನೆ ಹೆಚ್ಚು ತಟ್ಟುತ್ತದೆ. ರಾಜ್ಯಪಾಲರನ್ನು ಯಾರೂ ಆರಿಸಿರುವುದಿಲ್ಲ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರು ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ ರಾಜ್ಯಪಾಲ ವೆಂಕಟಸುಬ್ಬಯ್ಯ ವರದಿ ಕಳಿಸಿದರು. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಬಹುಮತ ಎಣಿಸಬೇಕಾದ್ದು ರಾಜಭವನದಲ್ಲಲ್ಲ, ವಿಧಾನಸಭೆಯಲ್ಲಿ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಸುಮಾರು ಐದು ವರ್ಷ ಬೇಕಾಯಿತು. ಅಷ್ಟರಲ್ಲಿ ಬೊಮ್ಮಾಯಿ ಅವರಿಗೆ ಕುರ್ಚಿ ಸಿಗಲಿಲ್ಲ, ದೇಶಕ್ಕೆ ಕಾನೂನು ಸಿಕ್ಕಿತು.

ಈಗ ಜಗಳ ವಜಾ ಮಾಡುವುದರ ಬಗ್ಗೆ ಅಲ್ಲ, ಇಟ್ಟುಕೊಂಡು ಕೂರುವುದರ ಬಗ್ಗೆ. ತಮಿಳುನಾಡಿನ ಹತ್ತು ಮಸೂದೆಗಳ ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಕಾಲಮಿತಿ ಹಾಕಿತು, ಆ ಮಸೂದೆಗಳಿಗೆ ಅಂಕಿತ ಸಿಕ್ಕಿದೆ ಎಂದೇ ಭಾವಿಸಬೇಕು ಎಂದಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 20ರಂದು ಐವರ ಪೀಠ, ಸಂವಿಧಾನದಲ್ಲಿ ಇಲ್ಲದ ಕಾಲಮಿತಿಯನ್ನು ಕೋರ್ಟ್ ಹಾಕಲಾಗದು ಎಂದಿತು. ಕಾರಣ ಹೇಳದೆ ಬಹುಕಾಲ ಸುಮ್ಮನಿದ್ದರೆ ತೀರ್ಮಾನ ತೆಗೆದುಕೊಳ್ಳಿ ಎಂದಷ್ಟೇ ಸೂಚಿಸಬಹುದು. ನಮ್ಮಲ್ಲೂ ಸರ್ಕಾರಿ ಗುತ್ತಿಗೆಗಳಲ್ಲಿ ಮೀಸಲಾತಿ ತರುವ ಮಸೂದೆಯನ್ನು ರಾಜ್ಯಪಾಲರು 2025ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಮಸೂದೆ ಬೇಕೋ ಬೇಡವೋ ಎಂಬುದರಲ್ಲಿ ನಮ್ಮ ಸಿವಿಲ್ ವಿಭಾಗದಲ್ಲೇ ಎರಡು ಗುಂಪುಗಳಿವೆ. ಎರಡೂ ಗುಂಪಿನವರು ನಾಳೆ ಗುತ್ತಿಗೆ ಹಿಡಿಯುವವರು. ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಉತ್ತರವಾದರೂ ಅವರಿಗೆ ಬೇಡವೇ?

ತೀರ್ಮಾನವಾಗಿಯೂ ಜಾರಿಯಾಗದ ಕಾಗದ ಎಂದರೇನು ಎಂಬುದನ್ನು ಆಲಮಟ್ಟಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಬಹುದು ಎಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದೇ ಹೇಳಿದೆ. ಕೋರ್ಟಿನ 2011ರ ಆದೇಶದಿಂದಾಗಿ ಕೇಂದ್ರದ ಗೆಜೆಟ್‌ನಲ್ಲಿ ಅದು ಇನ್ನೂ ಪ್ರಕಟವಾಗಿಲ್ಲ. ಇಲ್ಲಿ ತಡೆದಿರುವುದು ರಾಷ್ಟ್ರಪತಿಯೂ ಅಲ್ಲ, ರಾಜ್ಯಪಾಲರೂ ಅಲ್ಲ, ರಾಜ್ಯಗಳ ವ್ಯಾಜ್ಯ. ಆದರೆ ಹಿನ್ನೀರಿನಂಚಿನ ಹೊಲದವನಿಗೆ ಆ ವ್ಯತ್ಯಾಸ ಏನು ಮಾಡೀತು? ಬಾವಿ ತೋಡಿಸಲೋ ಬೇಡವೋ, ಮಗಳ ಮದುವೆಗೆ ಆ ಹೊಲ ಮಾರಿದರೆ ಕೊಳ್ಳುವವರು ಯಾರು ಎಂದು ಅವನು ಹದಿನೈದು ವರ್ಷದಿಂದ ಲೆಕ್ಕ ಹಾಕುತ್ತಿದ್ದಾನೆ.

ನೇರವಾಗಿ ಆಯ್ಕೆಯಾದ ಗಟ್ಟಿ ರಾಷ್ಟ್ರಪತಿ ಇದ್ದಿದ್ದರೆ ಇದು ಒಂದು ದಿನದಲ್ಲಿ ಮುಗಿಯುತ್ತಿತ್ತು ಎಂದು ಗೆಳೆಯ ಹೇಳುತ್ತಾನೆ. ಮುಗಿಯುತ್ತಿತ್ತೇನೋ, ಆದರೆ ಯಾರ ಪರವಾಗಿ? ಪ್ರವಾಹಕ್ಕೆ ಹೆದರುವ ಸಾಂಗ್ಲಿ-ಕೊಲ್ಹಾಪುರದವರ ಓಟೂ ಅವರಿಗೆ ಬೇಕು, ಕೆಳಗೆ ನೀರಿಗಾಗಿ ಕಾಯುವ ತೆಲಂಗಾಣ, ಆಂಧ್ರದವರ ಓಟೂ ಬೇಕು. ಎಂಟು ವಿಧಾನಸಭಾ ಕ್ಷೇತ್ರಗಳ ನಮ್ಮ ಜಿಲ್ಲೆ ಆ ತಕ್ಕಡಿಯಲ್ಲಿ ಎಷ್ಟು ತೂಗೀತು? ಈ ಮಾತು ಪ್ರಧಾನಿಗೂ ಅನ್ವಯಿಸುತ್ತದೆ, ನಿಜ. ಆದರೆ ಪ್ರಧಾನಿ ಸಂಸತ್ತಿಗೆ ಉತ್ತರ ಕೊಡಬೇಕು. ಸಂಸದೀಯ ಪದ್ಧತಿಯಲ್ಲಿ ಸರ್ಕಾರದ ಹೊಣೆಯನ್ನು ದಿನದಿನವೂ ಪರೀಕ್ಷಿಸಬಹುದು, ಅಧ್ಯಕ್ಷೀಯ ಪದ್ಧತಿಯಲ್ಲಿ ಹಾಗಾಗುವುದಿಲ್ಲ ಎಂದು ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ವಿವರಿಸಿದ್ದು ಇದನ್ನೇ. ಫ್ರಾನ್ಸ್‌ನ ಸಂಸದರು ಅವಿಶ್ವಾಸ ತಂದು ಪ್ರಧಾನಿಯನ್ನು ಇಳಿಸಬಹುದು, ಅಧ್ಯಕ್ಷರನ್ನು ಹಾಗೆ ಇಳಿಸಲಾಗದು. ಅದಕ್ಕೇ ಅಲ್ಲಿ ಬೀಳುತ್ತಿರುವವರು ಪ್ರಧಾನಿಗಳು.

ಹಾಗಾಗಿ ನನಗೆ ಬೇಕಿರುವುದು ಹೊಸ ಪದ್ಧತಿಯಲ್ಲ. 111ನೇ ವಿಧಿಯಲ್ಲೂ ರಾಜ್ಯಪಾಲರ ಕುರಿತ 200ನೇ ವಿಧಿಯಲ್ಲೂ ಮಸೂದೆಯನ್ನು 'ಸಾಧ್ಯವಾದಷ್ಟು ಬೇಗ' ಹಿಂದಿರುಗಿಸಬಹುದು ಎಂದಿದೆ. ಅಲ್ಲೊಂದು ಸಂಖ್ಯೆ ಬೇಕು, ಸಹಿಗೂ ವಾಪಸಾತಿಗೂ ಅನ್ವಯಿಸುವಂತೆ. ಕೋರ್ಟ್ ಅದನ್ನು ಬರೆಯಲಾಗದು ಎಂದ ಮೇಲೆ ಸಂಸತ್ತೇ ಬರೆಯಬೇಕು. ಇದು ಹೊಸ ಆಲೋಚನೆಯೂ ಅಲ್ಲ. ನಮ್ಮ ಸಂವಿಧಾನದ ಕರಡಿನಲ್ಲಿ, ರಾಷ್ಟ್ರಪತಿ ಮಸೂದೆ ಹಿಂದಿರುಗಿಸಲು ಆರು ವಾರಗಳ ಮಿತಿ ಇತ್ತು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಅದನ್ನು ಹೊಡೆದುಹಾಕಿ 'ಸಾಧ್ಯವಾದಷ್ಟು ಬೇಗ' ಎಂದು ಸೇರಿಸಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ಎದ್ದು ನಿಂತು, ಈ ಪದಗಳಿಗೆ ಗೊತ್ತುಗುರಿ ಇಲ್ಲ, ಆರು ವಾರವೇ ಇರಲಿ ಎಂದು ವಾದಿಸಿದರು. ಅವರ ಮಾತು ಅಂದು ನಡೆಯಲಿಲ್ಲ. ಅವರು ಉಳಿಸಿಕೊಳ್ಳಲು ನೋಡಿದ ಆ ಆರು ವಾರವನ್ನೇ ಈಗ ಎರಡೂ ವಿಧಿಗಳಿಗೆ ಸೇರಿಸಿದರೆ ಸಾಕು.